ವಿಸ್ಕಿಯ ರುಚಿ ಹಿಡಿಯಬೇಕೆನ್ನುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ, ಕಿಸೆಯಲ್ಲಿ ರೊಕ್ಕ ಕಡಿಮೆ ಇರುವ ಓದುಗರಿಗೆ

ಈ ಸೂಚನೆ ಈಗಾಗಲೇ ಕುಡಿಯುವವರಿಗಾಗಿ ಬರೆದದ್ದು. ಕುಡಿಯದವರು ಇದನ್ನು ಓದಿ ಶುರು ಮಾಡಬೇಡಿ. ಮದ್ಯಕ್ಕೆ ಸುರಕ್ಷಿತ ಎನ್ನುವ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಬಿಡಿಸಿ ಹೇಳಿದೆ. ಅದನ್ನು ಅಲ್ಲಗಳೆಯುವ ಮಾತು ಮುಂದೆ ಎಲ್ಲಿಯೂ ಬರುವುದಿಲ್ಲ. ಆದರೆ ನಮ್ಮ ಮೂರು ತಾಲ್ಲೂಕುಗಳಲ್ಲಿ ಕುಡಿಯುವ ಮಂದಿ ಬಹಳ, ಅವರಲ್ಲಿ ವಿಸ್ಕಿಯೆಂಬ ಹೆಸರಿನದನ್ನೇ ಕೇಳಿ ಕೊಳ್ಳುವವರು ಬಹಳ, ಅದರ ರುಚಿ ಕಂಡವರು ಮಾತ್ರ ಕಡಿಮೆ. ಸಂಜೆ ನೈಂಟಿಯ ಪ್ಯಾಕೆಟ್ ಕೊಂಡು, ಮೂಲೆಯನ್ನು ಹಲ್ಲಿನಿಂದ ಹರಿದು, ಪ್ಲಾಸ್ಟಿಕ್ ಗಿಲಾಸಿಗೆ ಸುರಿದು, ನೀರಿನ ಪಾಕೀಟು ಒಡೆದು ಬೆರೆಸಿ, ಉಸಿರು ಬಿಗಿಹಿಡಿದು ಎರಡೇ ಗುಟುಕಿಗೆ ಮುಗಿಸಿ, ಮೇಲೆ ಉಪ್ಪಿನಕಾಯಿ ನೆಕ್ಕುತ್ತಾರೆ. ಉಸಿರು ಬಿಗಿಹಿಡಿದವರಿಗೆ ರುಚಿ ತಿಳಿಯಲು ಸಾಧ್ಯವೇ ಇಲ್ಲ, ಯಾಕೆಂದರೆ ವಿಸ್ಕಿಯ ರುಚಿಯಲ್ಲಿ ಬಹುಪಾಲು ಮೂಗಿನ ಕೆಲಸ.

ನಾನು ಹೇಳುವುದು ಇಷ್ಟು: ಕಡಿಮೆ ಕುಡಿಯಿರಿ, ಆ ಕಡಿಮೆಯಲ್ಲಿ ಚೊಲೊದನ್ನು ಕುಡಿಯಿರಿ, ಅದನ್ನೂ ನಿಧಾನ ಕುಡಿಯಿರಿ. ಸಣ್ಣ ಪಗಾರದವರಿಗೆ ಕಳಪೆಯೇ ಗತಿ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಮುಂದೆ ಇದೆ, ನೀವೇ ಹಾಕಿ ನೋಡಿ.

ಯಾರು ಇಲ್ಲಿಗೇ ನಿಲ್ಲಿಸಬೇಕು

21 ವರ್ಷ ತುಂಬದವರು. ಕರ್ನಾಟಕದ ಅಬಕಾರಿ ನಿಯಮದ ಪ್ರಕಾರ ಅವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಇದನ್ನು 18ಕ್ಕೆ ಇಳಿಸುವ ಕರಡು ಹೊರಬಿದ್ದಿತ್ತು. ವಿರೋಧ ಬಂದಿದ್ದರಿಂದ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದ ಹುಡುಗ ಹುಡುಗಿಯರು ಈ ಸಾಲನ್ನು ಎರಡು ಸಲ ಓದಲಿ.

ಬೆಳಗ್ಗೆ ಎದ್ದಕೂಡಲೇ ಕೈ ನಡುಗುವವರು, ಒಂದು ಗುಟುಕು ಬೀಳದೆ ಕೆಲಸಕ್ಕೆ ಹೋಗಲಾರದವರು. ಇಂಥವರಿಗೆ ರುಚಿಯ ಮಾತು ಹೇಳುವುದೇ ತಪ್ಪು. ಅವರು ತಾವಾಗಿಯೇ ಒಮ್ಮೆಲೇ ಬಿಟ್ಟರೂ ಅಪಾಯ: ಫಿಟ್ಸ್ ಬರಬಹುದು, ಬುದ್ಧಿ ಭ್ರಮಣೆಯಾಗಬಹುದು. ವೈದ್ಯರ ಕೈಯಲ್ಲೇ ಬಿಡಬೇಕು. ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಹೋಗಲು ಸಂಕೋಚವಾದರೆ ಮೊದಲು ಟೆಲಿ ಮಾನಸ್‌ನ 14416ಕ್ಕೆ, ಇಲ್ಲವೇ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ.

ಬಸುರಿಯರು, ಲಿವರ್ ಕೆಟ್ಟವರು, ನಿದ್ದೆ ಗುಳಿಗೆ ತೆಗೆದುಕೊಳ್ಳುವವರು, ಮೆಟ್ರೊನಿಡಜೋಲ್‌ನಂಥ ಔಷಧಿಯ ಕೋರ್ಸಿನಲ್ಲಿರುವವರು ಮುಟ್ಟಲೇಬಾರದು. ಸಕ್ಕರೆ ಕಾಯಿಲೆಯವರು ತಮ್ಮ ಡಾಕ್ಟರರನ್ನು ಕೇಳದೆ ಒಂದು ಹನಿಯನ್ನೂ ಬಾಯಿಗೆ ಹಾಕಬಾರದು.

ರೊಕ್ಕದ ಲೆಕ್ಕ

ಮೊದಲು ಅಳತೆ ತಿಳಿಯಿರಿ. ಸ್ಮಾಲ್ ಎಂದರೆ 30 ಎಂಎಲ್, ಲಾರ್ಜ್ ಎಂದರೆ 60. ಕ್ವಾರ್ಟರ್ 180, ಅಂದರೆ ಆರು ಸ್ಮಾಲ್. ಫುಲ್ ಬಾಟಲಿ 750, ಅಂದರೆ 25 ಸ್ಮಾಲ್. ನಮ್ಮಲ್ಲಿ ವಿಸ್ಕಿ ಸಾಮಾನ್ಯವಾಗಿ 42.8% ಶಕ್ತಿಯದು, ಒಂದು ಸ್ಮಾಲಿನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಅಷ್ಟನ್ನು ಕರಗಿಸಲು ಲಿವರಿಗೆ ಒಂದು ಗಂಟೆಗೂ ಮೇಲೆ ಹಿಡಿಯಬಹುದು. ಒಂದು ಕ್ವಾರ್ಟರನ್ನು ಅರ್ಧ ಗಂಟೆಯಲ್ಲಿ ಇಳಿಸಿದವನು ಆರೇಳು ಗಂಟೆಯ ಕೆಲಸವನ್ನು ಲಿವರಿನ ಮೇಲೆ ಹೇರಿ ಮಲಗುತ್ತಾನೆ.

ಈಗ ಲೆಕ್ಕ. ವಾರಕ್ಕೆ ನಾಲ್ಕು ಕ್ವಾರ್ಟರ್ ಕುಡಿಯುವವನ ಖರ್ಚು ತಿಂಗಳಿಗೆ ಮೂರು ಲೀಟರ್ ದಾಟುತ್ತದೆ, ಹೆಚ್ಚು ಕಡಿಮೆ ನಾಲ್ಕು ಫುಲ್ ಬಾಟಲಿ. ಅದೇ ಮನುಷ್ಯ ವಾರಕ್ಕೆ ಒಂದೇ ಸಂಜೆ, ಎರಡೇ ಸ್ಮಾಲ್ ಎಂದು ಗಟ್ಟಿ ಮಾಡಿಕೊಂಡರೆ ತಿಂಗಳಿಗೆ 240 ಎಂಎಲ್ ಸಾಕು. ಒಂದು ಫುಲ್ ಬಾಟಲಿ ಮೂರು ತಿಂಗಳು ಬರುತ್ತದೆ. ಮೊದಲಿನ ಚಾಳಿಯಲ್ಲಿ ಮೂರು ತಿಂಗಳಿಗೆ 12 ಬಾಟಲಿಯ ರೊಕ್ಕ ಹೋಗುತ್ತಿತ್ತು. ಈಗ ನಾಲ್ಕು ಪಟ್ಟು ಬೆಲೆಯ ಬಾಟಲಿ ಕೊಂಡರೂ ಮೂರರಲ್ಲಿ ಎರಡು ಪಾಲು ರೊಕ್ಕ ಮನೆಯಲ್ಲೇ ಉಳಿಯಿತು. ಉಳಿದದ್ದನ್ನು ಇನ್ನೊಂದು ಬಾಟಲಿಗೆ ಹಾಕಬಾರದು. ಅದು ಮನೆಯದು.

ಸುಂಕದ ಏರಿಳಿತವೂ ಈ ಲೆಕ್ಕದ ಕಡೆಗೇ ಇದೆ. 2023ರ ಜುಲೈ ಬಜೆಟ್ಟಿನಲ್ಲಿ ಎಲ್ಲ ಸ್ಲ್ಯಾಬಿನ ಮದ್ಯಕ್ಕೂ ಹೆಚ್ಚುವರಿ ಅಬಕಾರಿ ಸುಂಕವನ್ನು 20% ಏರಿಸಿದರು. 2024ರ ಆಗಸ್ಟಿನಲ್ಲಿ ಮೇಲಿನ ದರ್ಜೆಯ ಬ್ರ್ಯಾಂಡುಗಳ ಸುಂಕ ಇಳಿಸಿದರು. ಅಗ್ಗದ್ದು ತುಟ್ಟಿಯಾಯಿತು, ತುಟ್ಟಿಯದು ಕೊಂಚ ಕೆಳಗೆ ಬಂತು. ಬಡವರ ಮೇಲೆ ಹೊರೆ ಹಾಕಿದ ಈ ರೀತಿ ನನಗೆ ಸರಿ ಕಾಣುವುದಿಲ್ಲ. ಆದರೆ ಎರಡರ ನಡುವಿನ ಅಂತರ ಕಡಿಮೆಯಾದದ್ದು ನಿಜ, ಅದನ್ನು ನೋಡಿಯೇ ಕೊಳ್ಳಬೇಕು.

ಉದ್ರಿ ಬೇಡ. ಬೀಜ ಗೊಬ್ಬರದ ರೊಕ್ಕ ಬೇಡ. ತೊಗರಿ ಮಾರಿ ಬಂದ ದಿನ ಅಂಗಡಿಯ ಮುಂದೆ ಹಾಯಬೇಡಿ. ಅವತ್ತು ಕಿಸೆ ತುಂಬಿರುತ್ತದೆ, ಕೈ ಸಡಿಲವಿರುತ್ತದೆ. ಮನೆಯಾಕೆಯ ಗೃಹಲಕ್ಷ್ಮಿಯ ₹2,000ಕ್ಕೆ, ಆಕೆಯ ಸಂಘದ ಸಾಲಕ್ಕೆ ಕೈ ಹಾಕುವವನು ವಿಸ್ಕಿಯ ರುಚಿಯ ಬಗ್ಗೆ ಮಾತಾಡಲು ಅರ್ಹನಲ್ಲ. ಸಾರಾಯಿ 2007ರ ಜುಲೈ 1ರಿಂದ ರಾಜ್ಯದಲ್ಲಿ ಬಂದಾಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ ಬಂದು ಕೂತಿತು, ಮನೆಗಳ ಕಣ್ಣೀರು ಮಾತ್ರ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದುಹೋದ ಹೆಣ್ಣುಮಕ್ಕಳಲ್ಲಿ ನಮ್ಮ ಕಲ್ಯಾಣ ಕರ್ನಾಟಕದವರೂ ಇದ್ದರು. ಅವರ ಸಿಟ್ಟಿಗೆ ಕಾರಣವಿದೆ. ಆ ಕಾರಣ ನಿಮ್ಮ ಮನೆಯಲ್ಲಿ ಹುಟ್ಟದಂತೆ ನೋಡಿಕೊಳ್ಳುವುದು ಈ ಸೂಚನೆಯ ಮೊದಲ ಷರತ್ತು.

ಒಬ್ಬರಿಗೇ ಬಾಟಲಿ ಭಾರವಾದರೆ ನಾಲ್ಕು ಗೆಳೆಯರು ಸೇರಿ ಭಿಶಿ ಹಾಕಿದ ಹಾಗೆ ತಿಂಗಳಿಗಿಷ್ಟು ಕೂಡಿಸಿ. ಮೂರು ತಿಂಗಳಿಗೊಮ್ಮೆ ಒಂದು ಒಳ್ಳೆಯ ಬಾಟಲಿ, ಒಬ್ಬರ ಮನೆಯಲ್ಲಿ, ಮನೆಯವರ ಒಪ್ಪಿಗೆ ಇದ್ದರೆ. ತೆರೆದ ಬಾಟಲಿಯನ್ನು ಅವತ್ತೇ ಮುಗಿಸಬೇಕೆಂಬ ಹಟ ಬೇಡ. ಹಾಗೆ ಹಟ ಹಿಡಿಯುವ ಗೆಳೆಯನಿದ್ದರೆ ಮುಂದಿನ ಸಲ ಅವನನ್ನು ಕರೆಯಬೇಡಿ.

ಕೊಳ್ಳುವಾಗ

ಲೈಸೆನ್ಸ್ ಇದ್ದ ಅಂಗಡಿಯಲ್ಲಿ ಮಾತ್ರ: ಎಂಎಸ್‌ಐಎಲ್ ಮಳಿಗೆ, ಇಲ್ಲವೇ ವೈನ್ ಶಾಪ್. ಕಿರಾಣಿ ಅಂಗಡಿ, ಪಾನ್ ಡಬ್ಬಿ, ಧಾಬಾದ ಹಿಂದಿನ ಬಾಗಿಲು ಬೇಡವೇ ಬೇಡ. ಅಲ್ಲಿ ಬೆಲೆಯೂ ಹೆಚ್ಚು, ಒಳಗಿನ ಮಾಲಿಗೆ ಭರವಸೆಯೂ ಇಲ್ಲ. ಎಂಆರ್‌ಪಿ ನೋಡದೆ ರೊಕ್ಕ ಕೊಡಬೇಡಿ. ಕೇಳಲು ನಾಚಿಕೆ ಯಾಕೆ?

"ಕಾಕಾ, ಇದರ ಎಂಆರ್‌ಪಿ ಎಷ್ಟದ, ತೋರ್ಸ್ರಿ."

"ಹತ್ತು ರೂಪಾಯಿ ಮ್ಯಾಲ ಆಗ್ತದಪಾ."

"ಮ್ಯಾಲಿಂದು ಯಾಕ್ರಿ? ಬಾಟಲಿ ಮ್ಯಾಲ ಬರ್ದಷ್ಟೇ ತಗೋರಿ, ಬಿಲ್ ಕೊಡ್ರಿ."

ಇಷ್ಟು ಮಾತು ಸಾಕು. ಕೊಡದಿದ್ದರೆ ಅಬಕಾರಿ ಇಲಾಖೆಗೆ ದೂರು ಬರೆಯಿರಿ.

ಮುಚ್ಚಳದ ಮೇಲೆ ಅಬಕಾರಿಯ ಅಂಟುಚೀಟಿ ಹರಿಯದೆ ಇರಬೇಕು. ಮುಚ್ಚಳ ತಿರುಗಿಸಿದಾಗ ಬಳೆ ಕಟ್ ಎಂದು ಮುರಿಯಬೇಕು. ಸುಮ್ಮನೆ ತಿರುಗಿದರೆ ವಾಪಸ್ ಕೊಡಿ. ಲೇಬಲ್ಲಿನಲ್ಲಿ ತಯಾರಿಸಿದ ಡಿಸ್ಟಿಲರಿಯ ಹೆಸರು, ಬ್ಯಾಚ್ ನಂಬರು, ಕರ್ನಾಟಕದಲ್ಲಿ ಮಾರಾಟಕ್ಕೆ ಎಂಬ ಸಾಲು ಇರಬೇಕು. ಮಿಲಿಟರಿ ಕ್ಯಾಂಟೀನಿನ ಬಾಟಲಿಯನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಅದು ಸೈನಿಕರಿಗಾಗಿ ಇರುವುದು, ಅದನ್ನು ಹೊರಗೆ ಮಾರುವುದು ಅಪರಾಧ, ಮೇಲಾಗಿ ಆ ಹೆಸರಿನಲ್ಲಿ ನಕಲಿ ಮಾಲೂ ಓಡಾಡುತ್ತದೆ.

ಗಡಿ ದಾಟಿ ತರಬೇಡಿ. ಆಳಂದ, ಅಫಜಲಪುರ ಎರಡೂ ಮಹಾರಾಷ್ಟ್ರಕ್ಕೆ ಹತ್ತಿದ ತಾಲ್ಲೂಕುಗಳು, ಅಕ್ಕಲಕೋಟ ಕೂಗಳತೆಯಲ್ಲಿದೆ. ಹಾಗೆಂದು ಪರವಾನಗಿ ಇಲ್ಲದೆ ಅಲ್ಲಿಯ ಬಾಟಲಿ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಒಯ್ಯುವಂತಿಲ್ಲ. ಮಹಾರಾಷ್ಟ್ರದಲ್ಲಿ ವಿಸ್ಕಿಯಂಥ ಮದ್ಯಕ್ಕೆ 25 ವರ್ಷ ತುಂಬಿರಬೇಕು, ಕುಡಿಯುವವನ ಹತ್ತಿರ ಪರ್ಮಿಟ್ ಇರಬೇಕು. ಲಗ್ನಕ್ಕೆಂದು ಅತ್ತ ಹೋಗುವವರು ಇದನ್ನು ನೆನಪಿಡಿ.

ಬಾಟಲಿಯೊಳಗೆ ಏನಿದೆ

ಇದನ್ನು ನಮ್ಮ ಭಾಗದವರಿಗಿಂತ ಚೆನ್ನಾಗಿ ಯಾರೂ ಅರ್ಥ ಮಾಡಿಕೊಳ್ಳಲಾರರು. ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ, ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಅಂಟು ಪಾಕವೇ ಕಾಕಂಬಿ. ಕಾಕಂಬಿಯನ್ನು ಹುಳಿ ಬರಿಸಿ, ಎತ್ತರದ ಕಂಬದಂಥ ಯಂತ್ರದಲ್ಲಿ ಮತ್ತೆ ಮತ್ತೆ ಭಟ್ಟಿ ಇಳಿಸಿದರೆ ಸುಮಾರು 96% ಶಕ್ತಿಯ, ಬಣ್ಣವಿಲ್ಲದ, ವಾಸನೆ ಹೆಚ್ಚುಕಡಿಮೆ ಇಲ್ಲದ ಸ್ಪಿರಿಟ್ ಸಿಗುತ್ತದೆ. ದೇಶದ ಅಗ್ಗದ ವಿಸ್ಕಿಗಳಲ್ಲಿ ಬಹಳಷ್ಟಕ್ಕೆ ಬುನಾದಿ ಇಂಥ ಸ್ಪಿರಿಟ್. ಅದಕ್ಕೆ ನೀರು, ಕ್ಯಾರಮೆಲ್ ಬಣ್ಣ, ಸುವಾಸನೆಯ ಎಸೆನ್ಸ್, ಕೆಲವಕ್ಕೆ ಸ್ವಲ್ಪ ಮಾಲ್ಟ್ ಸ್ಪಿರಿಟ್, ಅಂದರೆ ಮೊಳಕೆ ಬಂದ ಜವೆಗೋದಿಯಿಂದ ಇಳಿಸಿದ್ದು, ಸೇರುತ್ತದೆ. ಯುರೋಪಿನ ಕಾನೂನು ಇದಕ್ಕೆ ವಿಸ್ಕಿ ಎಂಬ ಹೆಸರನ್ನೇ ಕೊಡುವುದಿಲ್ಲ. ಅಲ್ಲಿ ವಿಸ್ಕಿ ಎಂದರೆ ಧಾನ್ಯದಿಂದ ಇಳಿಸಿ ಕನಿಷ್ಠ ಮೂರು ವರ್ಷ ಮರದ ಪೀಪಾಯಿಯಲ್ಲಿ ಇಟ್ಟದ್ದು.

ಆದ್ದರಿಂದ ಲೇಬಲ್ಲಿನ ಹಿಂಬದಿಯ ಸಣ್ಣ ಅಕ್ಷರ ಓದಿ. ಗ್ರೇನ್ ನ್ಯೂಟ್ರಲ್ ಸ್ಪಿರಿಟ್ ಎಂದಿದ್ದರೆ ಧಾನ್ಯದ್ದು. ಮಾಲ್ಟ್ ಸ್ಪಿರಿಟ್, ಸ್ಕಾಚ್ ಎಂದು ಸೇರಿದ್ದರೆ ಪೀಪಾಯಿಯ ವಾಸನೆ ಅಷ್ಟಿಷ್ಟಾದರೂ ಸಿಗುತ್ತದೆ. ಸುವಾಸನೆ ಸೇರಿಸಲಾಗಿದೆ ಎಂದಿದ್ದರೆ ನಿಮ್ಮ ಮೂಗಿಗೆ ಬರುವುದರಲ್ಲಿ ಒಂದು ಪಾಲು ಎಸೆನ್ಸಿನದು. 1995ರಲ್ಲಿ ಬಂದ ರಾಯಲ್ ಸ್ಟ್ಯಾಗ್ ಧಾನ್ಯದ ಸ್ಪಿರಿಟ್ಟಿಗೆ ಸ್ಕಾಚ್ ಮಾಲ್ಟ್ ಸೇರಿಸುವ ದಾರಿ ಹಿಡಿಯಿತು. ಆಮೇಲೆ ಆ ದರ್ಜೆಯಲ್ಲಿ ಹಲವು ಬ್ರ್ಯಾಂಡುಗಳು ಬಂದವು. ಕಡಿಮೆ ರೊಕ್ಕದಲ್ಲಿ ಕಲಿಯುವವರಿಗೆ ಮೊದಲ ಮೆಟ್ಟಿಲು ಈ ದರ್ಜೆ. ಬಾಟಲಿಯ ಆಕಾರ, ಬಂಗಾರದ ಅಕ್ಷರ, ಸಿನಿಮಾ ನಟನ ಜಾಹೀರಾತು ನೋಡಿ ಕೊಳ್ಳಬೇಡಿ. ಅದಕ್ಕೂ ಒಳಗಿನದಕ್ಕೂ ಸಂಬಂಧವಿಲ್ಲ.

ಒಂದು ಪರೀಕ್ಷೆ ಇದೆ, ಖರ್ಚಿಲ್ಲದ್ದು. ಸೋಪು ಹಚ್ಚದೆ ಬರೀ ನೀರಿನಲ್ಲಿ ಕೈ ತೊಳೆದು ಒರೆಸಿ, ಅಂಗೈಗೆ ನಾಲ್ಕು ಹನಿ ಹಾಕಿ ಎರಡೂ ಅಂಗೈ ಉಜ್ಜಿ. ಆಲ್ಕೋಹಾಲಿನ ಖಾರ ಹಾರಿಹೋಗುವ ತನಕ ಕಾದು ಮೂಸಿ ನೋಡಿ. ಮಾಲ್ಟ್ ಇದ್ದದ್ದು ನೆನೆದ ಧಾನ್ಯದ, ಕಟ್ಟಿಗೆಯ ವಾಸನೆ ಉಳಿಸುತ್ತದೆ. ಎಸೆನ್ಸಿನದು ಸಿಹಿ ಮಿಠಾಯಿಯ ವಾಸನೆ ಬಿಡುತ್ತದೆ, ಇಲ್ಲವೇ ಏನನ್ನೂ ಉಳಿಸುವುದಿಲ್ಲ. ರಾತ್ರಿ ಕುಡಿದ ಗಿಲಾಸನ್ನು ತೊಳೆಯದೆ ಇಟ್ಟು ಬೆಳಗ್ಗೆ ಮೂಸಿ ನೋಡಿದರೂ ಇದೇ ಗೊತ್ತಾಗುತ್ತದೆ.

ಗಿಲಾಸು, ನೀರು, ಮೂಗು

ಕುಡಿಯುವ ದಿನ ಬರುವ ಮೊದಲೇ ಮೂಗನ್ನು ಪಳಗಿಸಬೇಕು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ, ಅಡುಗೆಮನೆ ಸಾಕು. ಕಣ್ಣು ಮುಚ್ಚಿ ಕೂತು, ಒಂದೊಂದನ್ನೇ ಮೂಗಿನ ಹತ್ತಿರ ತರಲು ಮನೆಯವರಿಗೆ ಹೇಳಿ: ಬೆಲ್ಲ, ಹುರಿದ ಶೇಂಗಾ, ಲವಂಗ, ಚಕ್ಕೆ, ಒಣಕೊಬ್ಬರಿ, ಉತ್ತತ್ತಿ, ಒಣದ್ರಾಕ್ಷಿ, ಮಾಗಿದ ಬಾಳೆಹಣ್ಣು. ಹೆಸರು ಹೇಳಿ. ಮೊದಮೊದಲು ಲವಂಗ ಮತ್ತು ಚಕ್ಕೆಯಲ್ಲೇ ತಪ್ಪುತ್ತದೆ, ಹೆದರಬೇಡಿ. ಈ ವಾಸನೆಗಳೆಲ್ಲ ವಿಸ್ಕಿಯಲ್ಲಿ ನಿಜವಾಗಿಯೂ ಇರುತ್ತವೆ, ಒಂದೊಂದಕ್ಕೂ ಕಾರಣವಿದೆ. ಬಾಳೆಹಣ್ಣಿನ ವಾಸನೆ ಕೊಡುವ ಐಸೊಅಮೈಲ್ ಅಸಿಟೇಟ್ ಎಂಬ ವಸ್ತುವೇ ಹುಳಿ ಬರಿಸುವಾಗ ಯೀಸ್ಟಿನಿಂದಲೂ ಹುಟ್ಟುತ್ತದೆ. ಲವಂಗದ ಯುಜಿನಾಲ್, ವೆನಿಲಾದ ವೆನಿಲಿನ್ ಸುಟ್ಟ ಓಕ್ ಮರದಿಂದ ಇಳಿಯುತ್ತವೆ. ಕೊಬ್ಬರಿಯ ವಾಸನೆಯೂ ಓಕ್ ಮರದ್ದೇ. ಹೊಗೆಯ ವಾಸನೆ ಬರುವುದು ಮೊಳಕೆ ಬಂದ ಜವೆಗೋದಿಯನ್ನು ಪೀಟ್ ಸುಟ್ಟು ಒಣಗಿಸಿದಾಗ. ಪೀಟ್ ಎಂದರೆ ಜೌಗಿನಲ್ಲಿ ಅರ್ಧ ಕೊಳೆತು ಗಟ್ಟಿಯಾದ ಹುಲ್ಲು ಗಿಡ, ಸ್ಕಾಟ್ಲೆಂಡಿನ ಹಳ್ಳಿಯವರು ಅದನ್ನು ಕಡಿದು ಒಣಗಿಸಿ ಒಲೆಗೆ ಹಾಕುತ್ತಿದ್ದರು. ಕುಳ್ಳಿನ ಒಲೆಯ ಮುಂದೆ ಬೆಳೆದ ನಮ್ಮವರಿಗೆ ಹೊಗೆಯ ನೂರು ಬಗೆ ಗೊತ್ತು. ಈ ವಿಷಯದಲ್ಲಿ ಪಟ್ಟಣದವರಿಗಿಂತ ನಾವು ಒಂದು ಹೆಜ್ಜೆ ಮುಂದೆ.

ಗಾಜಿನ ಗಿಲಾಸೇ ಬೇಕು, ಬಾಯಿ ಸಣ್ಣದಿರಬೇಕು, ಹೊಟ್ಟೆ ದೊಡ್ಡದಿರಬೇಕು. ಅಂಥದ್ದು ಮನೆಯಲ್ಲಿ ಇಲ್ಲದಿದ್ದರೆ ಜೇನುತುಪ್ಪದ ಖಾಲಿ ಸಣ್ಣ ಭರಣಿ ಆದೀತು, ಬಿಸಿನೀರಲ್ಲಿ ತೊಳೆದು ವಾಸನೆ ಪೂರ್ತಿ ಹೋಗಿರಬೇಕು. ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ. ಪ್ಲಾಸ್ಟಿಕ್ ಅಂತೂ ಬೇಡವೇ ಬೇಡ.

ಒಂದು ಸ್ಮಾಲ್ ಹಾಕಿ. ಅಳೆದೇ ಹಾಕಿ, ಅಂದಾಜಿನ ಮೇಲೆ ಬೇಡ. ಅಂದಾಜು ಯಾವಾಗಲೂ ಹೆಚ್ಚಿನ ಕಡೆಗೇ ವಾಲುತ್ತದೆ. ಹತ್ತು ನಿಮಿಷ ಮುಟ್ಟದೆ ಬಿಡಿ. ಆಮೇಲೆ ಗಿಲಾಸನ್ನು ಗದ್ದದ ಹತ್ತಿರ ತಂದು, ಬಾಯಿ ಕೊಂಚ ತೆರೆದು, ಮೆಲ್ಲಗೆ ಉಸಿರೆಳೆಯಿರಿ. ಮೂಗನ್ನು ಗಿಲಾಸಿನೊಳಗೆ ತೂರಿಸಿದರೆ ಸ್ಪಿರಿಟ್ಟಿನ ಏಟಿಗೆ ಮೂಗು ಸ್ವಲ್ಪ ಹೊತ್ತು ಕೆಲಸ ಬಿಡುತ್ತದೆ. ನಂತರ ಅರ್ಧ ಚಮಚೆಯಷ್ಟು ಮಾತ್ರ ಬಾಯಿಗೆ ತೆಗೆದುಕೊಂಡು ನಾಲಿಗೆಯ ತುಂಬ ಹರಡಿ, ನುಂಗಿ, ಮೂಗಿನಿಂದ ಉಸಿರು ಬಿಡಿ. ಆ ಬಿಡುವ ಉಸಿರಿನಲ್ಲಿ ರುಚಿ ಇದೆ.

ಈಗ ನೀರು. ನೀರು ಬೆರೆಸುವುದು ಹಳ್ಳಿಗರ ಚಾಳಿ ಎಂದು ಪಟ್ಟಣದ ಬಾರುಗಳಲ್ಲಿ ಹೇಳುವವರಿದ್ದಾರೆ. ಅವರ ಮಾತು ಕೇಳಬೇಡಿ. ಸ್ಕಾಟ್ಲೆಂಡಿನಲ್ಲಿ ಬ್ಲೆಂಡ್ ಮಾಡುವ ಅನುಭವಿಗಳು ವಿಸ್ಕಿಯನ್ನು ನೀರು ಹಾಕಿ ಸುಮಾರು 20%ಕ್ಕೆ ಇಳಿಸಿಯೇ ಮೂಸುತ್ತಾರೆ. 2017ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಅಣುಗಳ ಚಲನೆ ಲೆಕ್ಕಹಾಕಿ, ಹೊಗೆಯ ವಾಸನೆಯ ಗ್ವಾಯಕಾಲ್ ಎಂಬ ವಸ್ತು ನೀರು ಬೆರೆತಂತೆ ಮೇಲ್ಮೈಗೆ ಬರುತ್ತದೆ, ಮೂಗಿಗೆ ಬೇಗ ಸಿಗುತ್ತದೆ ಎಂದು ತೋರಿಸಿದರು. ನಮ್ಮ 42.8%ರ ಒಂದು ಸ್ಮಾಲಿಗೆ ಅಷ್ಟೇ ನೀರು ಹಾಕಿದರೆ 21.4% ಆಗುತ್ತದೆ. ಆದರೆ ಒಮ್ಮೆಲೇ ಸುರಿಯಬೇಡಿ. ಮೊದಲು ಒಂದು ಚಮಚೆ, ಮೂಸಿ. ಮತ್ತೊಂದು ಚಮಚೆ, ಮತ್ತೆ ಮೂಸಿ. ವಾಸನೆ ಬಿಚ್ಚಿಕೊಳ್ಳುವುದು, ಒಂದು ಹಂತ ದಾಟಿದ ಮೇಲೆ ತೆಳುವಾಗುವುದು ಎರಡೂ ನಿಮಗೇ ತಿಳಿಯುತ್ತದೆ. ಆ ಹಂತವನ್ನು ಗುರುತಿಸಿಕೊಂಡವನು ಅರ್ಧ ಕಲಿತಂತೆ.

ನೀರು ಯಾವುದು? ನಮ್ಮ ಬೋರಿನ ನೀರು ಬಹಳ ಕಡೆ ಗಡಸು, ಕೆಲವು ಕಡೆ ಸವಳು. ಅದು ವಿಸ್ಕಿಯನ್ನು ಕೆಡಿಸುತ್ತದೆ. ಊರಿನ ಶುದ್ಧ ನೀರಿನ ಘಟಕದ ನೀರು ಸಾಕು, ಬಾಟಲಿಯ ನೀರಿಗೆ ಬೇರೆ ಖರ್ಚು ಬೇಡ. ಗಡಿಗೆಯ ನೀರು ತಂಪೇನೋ ನಿಜ, ಆದರೆ ಹೊಸ ಗಡಿಗೆಯ ಮಣ್ಣಿನ ವಾಸನೆ ವಿಸ್ಕಿಯ ವಾಸನೆಯನ್ನು ಮುಚ್ಚುತ್ತದೆ. ಐಸ್ ಹಾಕಿದರೆ ನಾಲಿಗೆ ಮರಗಟ್ಟುತ್ತದೆ, ಕಲಿಯುವ ಹೊತ್ತಿನಲ್ಲಿ ಬೇಡ. ಸೋಡಾ, ಕೋಲಾ, ಎನರ್ಜಿ ಡ್ರಿಂಕ್ ಯಾವುದೂ ಬೇಡ. ಎನರ್ಜಿ ಡ್ರಿಂಕಿನ ಕೆಫೀನು ಅಮಲನ್ನು ಮರೆಮಾಚಿ ಇನ್ನೂ ಕುಡಿಸುತ್ತದೆ. ಬಿಸಿಲಿನ ತಿಂಗಳಲ್ಲಿ ಕಲಬುರಗಿ ಜಿಲ್ಲೆ 42, 43 ಡಿಗ್ರಿ ಕಾಣುತ್ತದೆ. ಆಗ ವಿಸ್ಕಿಯಿಂದ ಸ್ಪಿರಿಟ್ಟಿನ ಖಾರವೇ ಮೇಲೇಳುತ್ತದೆ, ಮೈಯ ನೀರೂ ಬೇಗ ಇಂಗುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ಬಾಟಲಿ ಮುಚ್ಚಿಡಿ ಎಂದೇ ನನ್ನ ಸಲಹೆ. ಕಲಿಯಲು ಚಳಿಗಾಲ ಚೊಲೊ.

ಒಂದು ವಹಿ ಇಡಿ. ತಾರೀಖು, ಬ್ರ್ಯಾಂಡು, ಬೆಲೆ, ಮೂಗಿಗೆ ಬಂದದ್ದು, ನಾಲಿಗೆಗೆ ಬಂದದ್ದು. ಬಾಟಲಿಯ ಮೇಲಿನ ಪರದೇಶಿ ಹಣ್ಣುಗಳ ಹೆಸರನ್ನು ನಕಲು ಮಾಡಬೇಡಿ. ನೀವು ಕಂಡಿಲ್ಲದ ಹಣ್ಣಿನ ವಾಸನೆ ನಿಮಗೆ ಬರಲಾರದು. ಸುಟ್ಟ ಬೆಲ್ಲ, ಹಸಿ ಕಟ್ಟಿಗೆ, ಹೊಸ ಚಪ್ಪಲಿಯ ತೊಗಲು ಎಂದು ಅನಿಸಿದ್ದನ್ನೇ ಬರೆಯಿರಿ. ಎರಡು ಬಗೆಯನ್ನು ಒಟ್ಟಿಗೆ, 15 ಎಂಎಲ್‌ನಂತೆ, ಯಾವುದು ಯಾವ ಗಿಲಾಸಿನಲ್ಲಿದೆ ಎಂಬುದು ಗೆಳೆಯನಿಗೆ ಮಾತ್ರ ಗೊತ್ತಿರುವ ಹಾಗೆ ಇಟ್ಟುಕೊಂಡು ನೋಡಿ. ಬೆಲೆ ಕಾಣದಿದ್ದಾಗ ನಾಲಿಗೆ ನಿಜ ಹೇಳುತ್ತದೆ.

ಖಾಲಿ ಹೊಟ್ಟೆಯಲ್ಲಿ ಕುಡಿಯಬಾರದು. ರೊಟ್ಟಿ ಬ್ಯಾಳಿ ಉಂಡು, ಅರ್ಧ ತಾಸು ಬಿಟ್ಟು ಕೂತುಕೊಳ್ಳಿ. ಮಿರ್ಚಿ ಭಜಿ, ಖಾರದ ಚುರುಮುರಿ, ಹಸಿ ಉಳ್ಳಾಗಡ್ಡಿ, ಉಪ್ಪಿನಕಾಯಿ ಆ ಹೊತ್ತಿಗೆ ಬೇಡ. ಉಪ್ಪಿಲ್ಲದೆ ಹುರಿದ ಶೇಂಗಾ ನಾಲ್ಕು ಕಾಳು ಸಾಕು. ಗುಟಕಾ, ತಂಬಾಕು ಹಾಕುವವರು ಮೊದಲು ಅದನ್ನು ಬಿಡಿ. ರುಚಿಯ ಮಾತು ಆಮೇಲೆ. ತಂಬಾಕು, ಮದ್ಯ ಎರಡೂ ಕೂಡಿದರೆ ಬಾಯಿ, ಗಂಟಲು ಕ್ಯಾನ್ಸರಿನ ಅಪಾಯ ಒಂದರ ಮೇಲೊಂದು ಕೂಡಿ ಅಲ್ಲ, ಗುಣಿಸಿ ಏರುತ್ತದೆ.

ಬಾಟಲಿಯನ್ನು ನಿಲ್ಲಿಸಿಯೇ ಇಡಿ, ತಗಡಿನ ಮಾಡಿನ ಕೆಳಗೆ, ಕಿಟಕಿಯ ಬಿಸಿಲಲ್ಲಿ ಇಡಬೇಡಿ. ಶಹಾಬಾದ್ ಫರಸಿಯ ನೆಲಕ್ಕೆ ಹತ್ತಿದ ಕೆಳಗಿನ ಗೂಡು ತಂಪಿರುತ್ತದೆ. ಕೀಲಿ ಹಾಕಿ, ಕೀಲಿ ಮಕ್ಕಳಿಗೆ ಸಿಗಬಾರದು.

ಮುಟ್ಟಲೇಬಾರದ್ದು

ಕಳ್ಳಭಟ್ಟಿ, ಲೇಬಲ್ ಇಲ್ಲದ ಸೀಸೆ, ಕ್ಯಾನಿನಿಂದ ಸುರಿದು ಕೊಡುವುದು ಯಾವುದನ್ನೂ, ಯಾರು ಕೊಟ್ಟರೂ, ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ, ಸಾರಾಯಿ ನಿಂತು ವರ್ಷವೂ ತುಂಬಿರಲಿಲ್ಲ, ಕರ್ನಾಟಕ ತಮಿಳುನಾಡು ಗಡಿಯ ಎರಡೂ ಬದಿಯಲ್ಲಿ ಸೇರಿ ನೂರಕ್ಕೂ ಹೆಚ್ಚು ಜನ ಸತ್ತರು. ಕೊಂದದ್ದು ಮೆಥನಾಲ್. ಅದರ ವಾಸನೆ, ರುಚಿ, ಬಣ್ಣದಿಂದ ಗುರುತು ಹಿಡಿಯಲಾಗದು. ಶುದ್ಧ ಮೆಥನಾಲ್ 10 ಎಂಎಲ್ ಕಣ್ಣು ಕಳೆಯಬಲ್ಲದು, 30 ಎಂಎಲ್ ಜೀವ ತೆಗೆಯಬಲ್ಲದು. ಕುಡಿದ ಕೂಡಲೇ ಏನೂ ಆಗುವುದಿಲ್ಲ, ಅರ್ಧ ದಿನ, ಒಂದು ದಿನ ಕಳೆದ ಮೇಲೆ ಹೊಟ್ಟೆನೋವು, ವಾಂತಿ, ಕಣ್ಣು ಮಂಜಾಗುವುದು ಶುರುವಾಗುತ್ತದೆ. ಮಲಗಿದರೆ ಸರಿಹೋದೀತು ಎಂದು ಕಾಯಬೇಡಿ, ಆ ಕ್ಷಣ 108ಕ್ಕೆ ಫೋನ್ ಮಾಡಿ, ಏನು ಕುಡಿದದ್ದೆಂದು ಮುಚ್ಚಿಡದೆ ಹೇಳಿ. ಬೇಗ ತಲುಪಿದವರಿಗೆ ಡಯಾಲಿಸಿಸ್, ಔಷಧಿ ಇದೆ.

ಸಿ.ಎಚ್. ಪೌಡರ್ ಬೆರೆಸಿದ ಸೇಂದಿಯ ಮಾತು ನಮ್ಮ ಭಾಗಕ್ಕೆ ಹೊಸದಲ್ಲ. ಆ ಪುಡಿ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ಅದಕ್ಕೆ ಒಮ್ಮೆ ಅಂಟಿದವರನ್ನು ಬಿಡಿಸುವುದು ಬಹಳ ಕಷ್ಟ.

ಕುಡಿಯದವನಿಗೆ ಒತ್ತಾಯ ಮಾಡಬಾರದು. ಜಾತ್ರೆ, ಉರುಸಿಗೆ ಹೋಗುವಾಗ ಕುಡಿದು ಹೋಗಬಾರದು. ಗಾಣಗಾಪುರದ ಸಂಗಮದಲ್ಲಿ ಸ್ನಾನಕ್ಕೆ ಇಳಿಯುವ ಜನದ ನಡುವೆ, ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಮುಂದೆ ಬಾಯಿ ವಾಸನೆ ಹೊತ್ತು ನಿಲ್ಲುವುದು ಆ ಜಾಗಕ್ಕೂ ಅಲ್ಲಿ ಸೇರಿದವರಿಗೂ ಮಾಡುವ ಅವಮಾನ.

ಮೇಲಿನ ಮೆಟ್ಟಿಲು

ಧಾನ್ಯದ ಬ್ಲೆಂಡ್ ಪರಿಚಯವಾದ ಮೇಲೆ, ಸ್ಕಾಟ್ಲೆಂಡಿನಿಂದ ಪೀಪಾಯಿಗಟ್ಟಲೆ ತಂದು ಇಲ್ಲಿಯೇ ಬಾಟಲಿಗೆ ತುಂಬಿದ ಸ್ಕಾಚ್ ನೋಡಿ: ಟೀಚರ್ಸ್, 100 ಪೈಪರ್ಸ್, ವ್ಯಾಟ್ 69. ಟೀಚರ್ಸ್‌ನಲ್ಲಿ ಪೀಟ್ ಹೊಗೆಯ ಸುಳಿವು ಸಿಗುತ್ತದೆ, ಹೊಗೆ ಕಲಿಯಲು ಅದು ಅನುಕೂಲ. ಇಷ್ಟರಲ್ಲೇ ನಿಂತರೂ ಏನೂ ಕಡಿಮೆಯಾಗುವುದಿಲ್ಲ.

ಇನ್ನೂ ಮುಂದೆ ಹೋಗುವ ಆಸೆ ಇದ್ದರೆ ನಮ್ಮ ನಾಡಿನದ್ದನ್ನೇ ಒಮ್ಮೆ ನೋಡಬೇಕು. ರಾಧಾಕೃಷ್ಣ ಜಗದಾಳೆ 1948ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಅಮೃತ್ ಡಿಸ್ಟಿಲರೀಸ್ 2004ರ ಆಗಸ್ಟ್ 24ರಂದು ತನ್ನ ಸಿಂಗಲ್ ಮಾಲ್ಟನ್ನು (ಒಂದೇ ಡಿಸ್ಟಿಲರಿಯಲ್ಲಿ ಬರೀ ಮಾಲ್ಟಿನಿಂದ ಇಳಿಸಿದ ವಿಸ್ಕಿಯನ್ನು) ಮಾರಾಟಕ್ಕೆ ಬಿಟ್ಟದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ವಿಸ್ಕಿಯ ತವರಿನಲ್ಲೇ. ವಿಸ್ಕಿ ವಿಮರ್ಶಕ ಜಿಮ್ ಮರೇ 2010ರ ತಮ್ಮ ವಿಸ್ಕಿ ಬೈಬಲ್‌ನಲ್ಲಿ ಅಮೃತ್ ಫ್ಯೂಷನ್‌ಗೆ ಜಗತ್ತಿನ ಮೂರನೇ ಸ್ಥಾನ ಕೊಟ್ಟರು. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾಗಿ ಹೋದರೆ ಬೆಂಗಳೂರಿನ ಹವೆಯಲ್ಲಿ 10ರಿಂದ 12% ಹೋಗುತ್ತದೆ. ಮರದ ಸಾರವೂ ಅಷ್ಟೇ ವೇಗವಾಗಿ ಇಳಿಯುತ್ತದೆ. ಹಾಗಾಗಿ ನಾಲ್ಕೈದು ವರ್ಷಕ್ಕೇ ಅದು ಮಾಗುತ್ತದೆ, ಹಾಗಾಗಿಯೇ ತುಟ್ಟಿಯೂ ಹೌದು. ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ಗೋವಾದಲ್ಲಿ ಇಳಿಸಿ 2012ರಿಂದ ಮಾರುತ್ತಿರುವ ಪಾಲ್ ಜಾನ್ ಇನ್ನೊಂದು.

ಇವುಗಳ ಫುಲ್ ಬಾಟಲಿಗೆ ಸಾವಿರಗಟ್ಟಲೆ ಬೇಕು, ಕೊಳ್ಳಬೇಡಿ. ವರ್ಷಕ್ಕೊಮ್ಮೆ, ಯಾವುದಾದರೂ ಕೆಲಸಕ್ಕೆ ಕಲಬುರಗಿಗೆ ಹೋದಾಗ, ಸಿಂಗಲ್ ಮಾಲ್ಟ್ ಇಟ್ಟಿರುವ ಒಳ್ಳೆಯ ಬಾರಿನಲ್ಲಿ 30 ಎಂಎಲ್ ಕೇಳಿ. ಬೆಲೆ ಮೊದಲೇ ಕೇಳಿ. ಬಾಟಲಿಯನ್ನು ಮೇಜಿಗೆ ತಂದು, ನಿಮ್ಮೆದುರೇ ಪೆಗ್ ಅಳತೆಯಲ್ಲಿ ಹಾಕಲು ಹೇಳಿ. ನೀರು ಬೇರೆ ಗಿಲಾಸಿನಲ್ಲಿ, ಐಸ್ ಬೇಡ. ಒಂದು ಗಂಟೆ ಅದರ ಮುಂದೆ ಕೂತುಕೊಳ್ಳಿ, ವಹಿ ತೆಗೆದು ಬರೆಯಿರಿ. ಮಾಣಿ ಬಂದು ಮತ್ತೇನು ಬೇಕೆಂದು ಕೇಳಿದರೆ ಏನೂ ಬೇಡ ಎಂದು ಹೇಳಲು ಸಂಕೋಚ ಬೇಡ.

ಬೈಕ್ ತೆಗೆದುಕೊಂಡು ಹೋಗಬೇಡಿ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕಾನೂನಿನ ಕಣ್ಣಲ್ಲಿ ಅಪರಾಧಿ. 2019ರ ಸೆಪ್ಟೆಂಬರ್‌ನಿಂದ ಮೊದಲ ಸಲಕ್ಕೇ ₹10,000 ದಂಡ, ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. ಒಂದೇ ಸ್ಮಾಲ್ ಆಗಿದ್ದರೂ ಗಾಡಿಯ ಹ್ಯಾಂಡಲ್ ಹಿಡಿಯುವಂತಿಲ್ಲ. ಕಟ್ಟಿಸಂಗಾವಿಯ ಹತ್ತಿರ ಭೀಮಾ ದಾಟುವ ಜೇವರ್ಗಿ ಹೆದ್ದಾರಿಯಲ್ಲಿ ರಾತ್ರಿ ಲಾರಿಗಳ ಓಟ ಹೇಗಿರುತ್ತದೆ ಎಂಬುದು ಆ ದಾರಿಯವರಿಗೆಲ್ಲ ಗೊತ್ತು. ಆಳಂದ, ಅಫಜಲಪುರದ ರಸ್ತೆಯಲ್ಲಿ ಹಂಗಾಮಿನಲ್ಲಿ ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳಿರುತ್ತವೆ. ಬಸ್ಸಿಗೇ ಹೋಗಿ, ಬಸ್ಸಿಗೇ ಬನ್ನಿ. ನಿಮ್ಮೂರಿಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ನಿಲ್ದಾಣದಲ್ಲಿ ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ, ಆ ಹೊತ್ತಿಗಿಂತ ಒಂದು ತಾಸು ಮೊದಲೇ ಬಾರಿನಿಂದ ಹೊರಗೆ ಬಂದಿರಿ.